ದೂರವಾಣಿಗೆ ನಿಯಮ ಬರೆಯುವ ಅಧಿಕಾರ ಕ್ಯಾಲಿಫೋರ್ನಿಯಾದ ಆಯೋಗಕ್ಕೆ ಎಲ್ಲಿಂದ ಬಂತು?

ಪ್ರಶ್ನೆ:
ಕರ್ನಾಟಕದಲ್ಲಿ ವಿದ್ಯುತ್ ದರ ಪರಿಷ್ಕರಣೆಯ ವಿಚಾರಣೆಗಳಿಗೆ ಹೋಗಿ ಗ್ರಾಹಕರ ಪರವಾಗಿ ಆಕ್ಷೇಪಣೆ ಸಲ್ಲಿಸುತ್ತಿದ್ದವನು ನಾನು. ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೊ ಸಮೀಪ ಮಗಳ ಮನೆಯಲ್ಲಿದ್ದೇನೆ. ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ (ಕೆಇಆರ್‌ಸಿ) ದೂರವಾಣಿಯ ಗೊಡವೆಯೇ ಇಲ್ಲ. ಅದು ಸಂವಿಧಾನದ ಕೇಂದ್ರ ಪಟ್ಟಿಯ 31ನೇ ನಮೂದಿಗೆ ಸೇರಿದ ವಿಷಯ, ಅದನ್ನು ನೋಡಿಕೊಳ್ಳಲು ಟ್ರಾಯ್ ಇದೆ. ಇಲ್ಲಿಯ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ (ಸಿಪಿಯುಸಿ) ಮಾತ್ರ ವಿದ್ಯುತ್, ಅನಿಲ, ನೀರಿನ ಜೊತೆಗೆ ದೂರವಾಣಿ ಕಂಪನಿಗಳಿಗೂ ನಿಯಮ ಮಾಡುತ್ತದೆ. ಕೇಳಿದವರಿಗೆಲ್ಲ ಮೂಲ ದೂರವಾಣಿ ಸೇವೆ ಕೊಡಲೇಬೇಕೆಂಬ ಹೊಣೆಯಿಂದ ತನ್ನನ್ನು ಬಿಡಿಸಬೇಕೆಂದು ದೂರವಾಣಿ ಕಂಪನಿ ಎಟಿ ಆಂಡ್ ಟಿ ಸಲ್ಲಿಸಿದ್ದ ಅರ್ಜಿಯನ್ನು ಅದು 2024ರ ಜೂನ್‌ನಲ್ಲಿ ತಿರಸ್ಕರಿಸಿತು. ಒಕ್ಕೂಟ ಮಟ್ಟದಲ್ಲಿ ದೂರಸಂಪರ್ಕವನ್ನು ನಿಯಂತ್ರಿಸುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ (ಎಫ್‌ಸಿಸಿ) ಇರುವಾಗ ರಾಜ್ಯದ ಆಯೋಗಕ್ಕೆ ಈ ಅಧಿಕಾರ ಹೇಗೆ ಉಳಿದಿದೆ?

ಉತ್ತರ 1:
ಅಧಿಕಾರದ ಬೇರು ಎರಡು ಕಡೆ ಇದೆ. ಕ್ಯಾಲಿಫೋರ್ನಿಯಾ ಸಂವಿಧಾನದ 12ನೇ ವಿಧಿ ಆಯೋಗಕ್ಕೆ ಅಸ್ತಿತ್ವ ಕೊಟ್ಟಿದೆ. 1934ರ ಒಕ್ಕೂಟದ ಸಂವಹನ ಕಾಯ್ದೆಯ 2(ಬಿ) ಕಲಮು ರಾಜ್ಯದೊಳಗೇ ಆರಂಭವಾಗಿ ರಾಜ್ಯದೊಳಗೇ ಮುಗಿಯುವ ಸೇವೆಯನ್ನು ಎಫ್‌ಸಿಸಿಯ ಕೈಗೆ ಸಿಗದಂತೆ ಹೊರಗಿಟ್ಟಿದೆ. ಈ ಗೆರೆ ಎಷ್ಟು ಗಟ್ಟಿ ಎಂಬುದು 1986ರ ಲೂಸಿಯಾನಾ ಪ್ರಕರಣದಲ್ಲಿ ಪರೀಕ್ಷೆಗೆ ಬಂತು. ಒಂದೇ ಎಕ್ಸ್‌ಚೇಂಜ್, ಒಂದೇ ತಂತಿ ಸ್ಥಳೀಯ ಕರೆಗೂ ಹೊರರಾಜ್ಯದ ಕರೆಗೂ ಬಳಕೆಯಾಗುತ್ತವೆ. ಆ ಉಪಕರಣಗಳ ಸವಕಳಿಯನ್ನು (ಬಳಕೆಯಿಂದ ಬೆಲೆ ಇಳಿಯುವುದನ್ನು) ಬೇಗ ಬೇಗ ಲೆಕ್ಕಕ್ಕೆ ಹಿಡಿಯಬೇಕು, ರಾಜ್ಯಗಳೂ ಅದನ್ನೇ ಅನುಸರಿಸಬೇಕು ಎಂದು ಎಫ್‌ಸಿಸಿ ಹೇಳಿತ್ತು. ಸವಕಳಿ ವೆಚ್ಚವಾಗಿ ದರದಲ್ಲಿ ಸೇರುವುದರಿಂದ, ಅದು ಹೆಚ್ಚಿದರೆ ಸ್ಥಳೀಯ ದರವೂ ಏರುತ್ತದೆ. ರಾಜ್ಯದೊಳಗಿನ ದರ ನಿಗದಿಯಲ್ಲಿ ಎಫ್‌ಸಿಸಿ ತನ್ನ ಪದ್ಧತಿಯನ್ನು ಹೇರುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ದರ ಪರಿಷ್ಕರಣೆಯ ಕಡತಗಳಲ್ಲಿ ಸವಕಳಿಯ ಪುಟವನ್ನು ತಾವು ನೋಡಿಯೇ ಇರುತ್ತೀರಿ. ಜಗಳ ಅಷ್ಟು ಒಣ ವಿಷಯದ ಮೇಲೆಯೇ ನಡೆದದ್ದು.

ಉತ್ತರ 2:
ಮೇಲಿನದು ಸರಿಯಾದರೂ ಅದು ತಂತಿಯ ಕಾಲದ ನಕ್ಷೆ. 1993ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮೊಬೈಲ್ ಸೇವೆಯ ದರ ಮತ್ತು ಮಾರುಕಟ್ಟೆ ಪ್ರವೇಶದ ನಿಯಂತ್ರಣವನ್ನು ರಾಜ್ಯಗಳಿಂದ ಕಿತ್ತುಕೊಂಡು, ‘ಇತರ ನಿಬಂಧನೆಗಳು ಮತ್ತು ಷರತ್ತುಗಳನ್ನು’ ಮಾತ್ರ ಅವುಗಳಿಗೆ ಬಿಟ್ಟಿತು. 1996ರ ದೂರಸಂಪರ್ಕ ಕಾಯ್ದೆಯ ನಂತರ ಕಂಪನಿಗಳ ನಡುವಿನ ಸಂಪರ್ಕ ಒಪ್ಪಂದಗಳ ಮಧ್ಯಸ್ಥಿಕೆ ರಾಜ್ಯ ಆಯೋಗಗಳಿಗೆ ಬಂತಾದರೂ, ಅದಕ್ಕೆ ಬೇಕಾದ ನಿಯಮಗಳನ್ನು ಎಫ್‌ಸಿಸಿ ಬರೆಯಬಹುದೆಂದು 1999ರ ಅಯೋವಾ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿತು. ಇಂಟರ್ನೆಟ್ ಮೂಲಕ ಮಾತನಾಡುವ ವೊನೇಜ್ ಸೇವೆಯನ್ನು ದೂರವಾಣಿ ಕಂಪನಿಯಂತೆ ನಡೆಸಿಕೊಳ್ಳಲು ಹೊರಟ ಮಿನೆಸೋಟದ ಆಯೋಗವನ್ನು 2004ರಲ್ಲಿ ಎಫ್‌ಸಿಸಿ ತಡೆಯಿತು. ಇನ್ನೊಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ: ಆಯೋಗದ ಕೈ ಕಟ್ಟಿದ್ದು ಯಾವಾಗಲೂ ವಾಷಿಂಗ್ಟನ್ ಅಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಶಾಸಕಾಂಗವೇ ಇಂಟರ್ನೆಟ್ ದೂರವಾಣಿಯ ನಿಯಂತ್ರಣವನ್ನು ಬಹುಮಟ್ಟಿಗೆ ನಿಷೇಧಿಸಿತ್ತು, ಆ ನಿರ್ಬಂಧದ ಅವಧಿ 2020ರ ಆರಂಭದಲ್ಲಷ್ಟೇ ಮುಗಿಯಿತು. ಆದ್ದರಿಂದ ‘ಆಯೋಗಕ್ಕೆ ಅಧಿಕಾರವಿದೆಯೇ’ ಎಂದು ಒಟ್ಟಾಗಿ ಕೇಳುವುದಕ್ಕಿಂತ, ‘ಯಾವ ತಂತ್ರಜ್ಞಾನದ ಕರೆ, ಅದರ ಯಾವ ಅಂಶ’ ಎಂದು ಬಿಡಿಸಿ ಕೇಳುವುದೇ ಸರಿಯಾದ ದಾರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಕಾಳ್ಗಿಚ್ಚಿನ ಅಪಾಯವಿರುವ ಪ್ರದೇಶಗಳ ಮೊಬೈಲ್ ಟವರ್‌ಗಳಿಗೆ 72 ಗಂಟೆಗಳ ಪರ್ಯಾಯ ವಿದ್ಯುತ್ ಇರಬೇಕೆಂಬ 2020ರ ಆದೇಶ ಯಾವ ಬಾಗಿಲಿನಿಂದ ಒಳಬಂತು?

ಉತ್ತರ 2 ಬರೆದವರು:
ತಾವು ಕೇಳಿದ್ದು ಸರಿಯಾದ ಉದಾಹರಣೆ. 2019ರ ಶರತ್ಕಾಲದಲ್ಲಿ ಕಾಳ್ಗಿಚ್ಚಿನ ಭಯದಿಂದ ವಿದ್ಯುತ್ ಕಡಿತ ಮಾಡಿದಾಗ ಟವರ್‌ಗಳೂ ನಿಂತುಹೋದವು. ಜನರಿಗೆ ತುರ್ತು ಸೂಚನೆ ತಲುಪುವುದೇ ಕಷ್ಟವಾಯಿತು. ಇದು ಒಕ್ಕೂಟದ ಅಧಿಕಾರಕ್ಕೆ ಸೇರಿದ ವಿಷಯವೆಂದು ಕಂಪನಿಗಳು ವಾದಿಸಿದವು. ಆದರೆ ಆ ಆದೇಶ ದರವನ್ನೂ ಮುಟ್ಟುವುದಿಲ್ಲ, ಪ್ರವೇಶವನ್ನೂ ಮುಟ್ಟುವುದಿಲ್ಲ. ಸಾರ್ವಜನಿಕ ಸುರಕ್ಷತೆ ರಾಜ್ಯದ ಹಳೆಯ ಹೊಣೆ ಎಂಬ ನೆಲೆಯಲ್ಲಿ ನಿಂತಿದೆ. ನನ್ನ ದೃಷ್ಟಿಯಲ್ಲಿ ರಾಜ್ಯ ಆಯೋಗಗಳಿಗೆ ಇಂದು ಉಳಿದಿರುವ ಅತ್ಯಂತ ಭದ್ರವಾದ ನೆಲ ಇದೇ. ತಮಗೆ ಆಕ್ಷೇಪಣೆ ಬರೆಯುವ ಅಭ್ಯಾಸವಿರುವುದರಿಂದ ಒಂದು ಮಾತು: ಎಟಿ ಆಂಡ್ ಟಿ ಅರ್ಜಿ ಬಿದ್ದ ದಿನವೇ ಆಯೋಗವು ಆ ಹೊಣೆಯ ನಿಯಮಗಳನ್ನು ಮರುಪರಿಶೀಲಿಸುವ ಪ್ರತ್ಯೇಕ ಪ್ರಕ್ರಿಯೆಯನ್ನು ತೆರೆದಿದೆ. ಆಯೋಗದ ಜಾಲತಾಣದಲ್ಲಿ ಆ ಕಡತವನ್ನು ಹುಡುಕಿದರೆ ಸಾರ್ವಜನಿಕರ ಅಭಿಪ್ರಾಯಗಳನ್ನು ಅಲ್ಲಿಯೇ ಓದಬಹುದು.