ಓಸಿಡಿ ಇದೆ, ಮಾತ್ರೆ ಶುರುವಾಗಿದೆ. ಕನ್ನಡದಲ್ಲಿ ಮಾತಾಡೋ ಸರಿಯಾದ ಥೆರಪಿಸ್ಟ್ ಹುಡುಕೋದು ಹೇಗೆ?

ಗಣಿತದ_ಮೇಡಂ

ನಮಸ್ಕಾರ. ಹಾಸನದಲ್ಲಿ ಅನುದಾನಿತ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಇಲ್ಲಿನ ಸೈಕಿಯಾಟ್ರಿಸ್ಟ್ ಓಸಿಡಿ (ಬೇಡವೆಂದರೂ ಕಾಡುವ ಅನುಮಾನ, ಅದಕ್ಕಾಗಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಅಂತ ಹೇಳಿ ಮಾತ್ರೆ ಕೊಟ್ಟಿದ್ದಾರೆ. ಜೊತೆಗೆ ಥೆರಪಿಯೂ ಬೇಕು ಅಂದರು. ಎಲ್ಲಿ, ಯಾರ ಹತ್ತಿರ ಅಂತ ಕೇಳಿದ್ದಕ್ಕೆ "ಮೈಸೂರಿನಲ್ಲೋ ಬೆಂಗಳೂರಿನಲ್ಲೋ ವಿಚಾರಿಸಿ" ಅಂದು ಮುಂದಿನ ಪೇಷಂಟ್ ಕರೆದರು.

ನನ್ನದು ಕೈ ತೊಳೆಯುವ ಥರದ್ದಲ್ಲ, ಚೆಕ್ ಮಾಡುವ ಥರದ್ದು. ಸ್ಟವ್ ನಾಬ್, ಸಿಲಿಂಡರ್ ರೆಗ್ಯುಲೇಟರ್, ಹಿತ್ತಿಲ ಬಾಗಿಲ ಚಿಲಕ. ಬಸ್ ಸ್ಟಾಪ್‌ವರೆಗೂ ಹೋಗಿ ವಾಪಸ್ ಬರುತ್ತೇನೆ. ಇತ್ತೀಚೆಗೆ ಹೊರಡುವಾಗ ರೆಗ್ಯುಲೇಟರ್ ಫೋಟೋ ತೆಗೆದುಕೊಂಡು ಹೋಗುವುದು ಶುರುವಾಗಿದೆ. ಗ್ಯಾಲರಿ ತುಂಬ ಅದೇ ಕೆಂಪು ಸಿಲಿಂಡರ್. ಸ್ಟಾಫ್ ರೂಮಿನಲ್ಲಿ ಕೂತು ಜೂಮ್ ಮಾಡಿ ನೋಡುತ್ತೇನೆ. ಆಮೇಲೆ ಇದು ಇವತ್ತಿನ ಫೋಟೋನಾ ನಿನ್ನೆಯದಾ ಅನ್ನೋ ಅನುಮಾನ. ಪರೀಕ್ಷೆ ಪೇಪರ್ ಬಂದರಂತೂ ಮುಗೀತು. ಕೂಡಿದ್ದನ್ನೇ ಮತ್ತೆ ಕೂಡಿ ಕೂಡಿ ಮಧ್ಯರಾತ್ರಿ ದಾಟುತ್ತೆ.

ಊರಲ್ಲೇ ಒಬ್ಬ ಕೌನ್ಸೆಲರ್ ಹತ್ತಿರ ಕೆಲವು ವಾರ ಹೋದೆ. ಮನುಷ್ಯರು ಒಳ್ಳೆಯವರೇ. ಆದರೆ ಪ್ರತಿ ಸಲ "ಇಷ್ಟು ಓದಿದ್ದೀರಿ, ಗ್ಯಾಸ್ ಆಫ್ ಆಗಿದೆ ಅಂತ ನಿಮಗೇ ಗೊತ್ತಲ್ವಾ?" ಅನ್ನೋರು. ಗೊತ್ತು ಸ್ವಾಮಿ! ಗೊತ್ತಿದ್ದೂ ಕಾಲು ಅಡುಗೆಮನೆ ಕಡೆ ಹೋಗುತ್ತೆ, ಕಾಯಿಲೆ ಅಂದರೆ ಅದೇ ತಾನೆ? ಮಿಕ್ಕ ಹೊತ್ತೆಲ್ಲ ನಮಗೆ ಯಾಕೆ ಮಕ್ಕಳಾಗಿಲ್ಲ ಅನ್ನೋದರ ಮೇಲೆ ಹೋಯಿತು. ಒಂದಿನ ಹೊರಗಿನ ಬೆಂಚಿನಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗನ ತಾಯಿ ಸಿಕ್ಕು "ಏನ್ ಮೇಡಂ, ಇಲ್ಲಿ?" ಅಂದರು. ಅಲ್ಲಿಗೆ ಬಿಟ್ಟೆ.

ನನಗೆ ಬೇಕಾಗಿರುವುದು: ಹಾಸನದ ಹೊರಗಿನವರು, ಕನ್ನಡದಲ್ಲಿ ಮಾತಾಡುವವರು, ಶನಿವಾರ ಮಧ್ಯಾಹ್ನದ ಮೇಲೆ ಸಿಗುವವರು. ಆನ್‌ಲೈನ್ ಆದರೂ ಸರಿ, ಆದರೆ ಮನೆಯಲ್ಲಿ ಅತ್ತೆ ಇದ್ದಾರೆ, ಇರೋದು ಎರಡೇ ರೂಮು. ಯಾರಾದರೂ ಒಳ್ಳೆ ಥೆರಪಿಸ್ಟ್ ಹೆಸರು ಹೇಳ್ತೀರಾ?

ಸೂರ್ಯನಮಸ್ಕಾರ

ಮೇಡಂ, ಬೆಳಿಗ್ಗೆ ಬೇಗ ಎದ್ದು ಅರ್ಧ ಗಂಟೆ ಪ್ರಾಣಾಯಾಮ ಮಾಡಿ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಥೆರಪಿ ಗಿರಪಿ ಅಂತ ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡಿ.

ಲೆಡ್ಜರ್_ತುಮಕೂರು

ಮೇಡಂ, ನನ್ನದೂ ಚೆಕಿಂಗೇ. ಅಕೌಂಟೆಂಟ್ ಬೇರೆ, ಊಹಿಸಿಕೊಳ್ಳಿ. ನನ್ನ ಥೆರಪಿಸ್ಟ್ ಈಗ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ, ಹೆಸರು ಹೇಳಿ ಪ್ರಯೋಜನವಿಲ್ಲ. ನಾನು ಹುಡುಕಿದ ರೀತಿ ಹೇಳುತ್ತೇನೆ.

"ಒಳ್ಳೆ ಥೆರಪಿಸ್ಟ್ ಯಾರು" ಅಂತ ಕೇಳಬೇಡಿ. "ಓಸಿಡಿಗೆ ಇ.ಆರ್.ಪಿ. ಮಾಡುವವರು ಯಾರು" ಅಂತ ಕೇಳಿ. ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಅಂತ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೆಯರ್ ಇದನ್ನು ಮೊದಲು ಬರೆದದ್ದು, ಇವತ್ತಿಗೂ ಓಸಿಡಿಗೆ ಮೊದಲು ಹೇಳುವ ಥೆರಪಿ ಇದೇ. ಭಯ ಹುಟ್ಟಿಸುವ ಕೆಲಸ ಬೇಕಂತಲೇ ಮಾಡಬೇಕು, ಆಮೇಲೆ ಚೆಕ್ ಮಾಡದೆ ಇರಬೇಕು. ಕೇಳೋಕೆ ಇಷ್ಟೇ. ಮಾಡುವಾಗ ಜೀವ ಬಾಯಿಗೆ ಬರುತ್ತೆ.

ನಾನು ಅಪಾಯಿಂಟ್‌ಮೆಂಟ್ ತಗೊಳ್ಳುವ ಮೊದಲೇ ಫೋನಿನಲ್ಲಿ ಹತ್ತು ನಿಮಿಷ ಕೇಳುತ್ತಿದ್ದೆ: "ಚೆಕಿಂಗ್ ಓಸಿಡಿ ಇರುವವರನ್ನು ನೋಡಿದ್ದೀರಾ? ಏನು ಮಾಡಿಸುತ್ತೀರಿ?" ಒಬ್ಬರು ರಿಲ್ಯಾಕ್ಸೇಷನ್ ಅಂದರು. ಇನ್ನೊಬ್ಬರು ಬಾಲ್ಯದಿಂದ ಶುರು ಮಾಡೋಣ ಅಂದರು. ಮತ್ತೊಬ್ಬರು ಪ್ರಶ್ನೆ ಕೇಳಿದ್ದಕ್ಕೇ ಮುನಿಸಿಕೊಂಡರು. ಕೊನೆಗೆ ಸಿಕ್ಕವರು ನನ್ನನ್ನೇ ತಿರುಗಿ ಕೇಳಿದರು: "ದಿನಕ್ಕೆ ಎಷ್ಟು ಹೊತ್ತು ಇದರಲ್ಲಿ ಹೋಗುತ್ತೆ? 'ಲಾಕ್ ಆಗಿದೆ ಬಿಡಿ' ಅಂತ ಮನೆಯಲ್ಲಿ ಸಮಾಧಾನ ಹೇಳೋದು ಯಾರು?" ನನ್ನ ಹೆಂಡತಿ, ಇನ್ಯಾರು! ಹಾಗಾದರೆ ಒಂದು ಸಲ ಅವರನ್ನೂ ಕರಕೊಂಡು ಬನ್ನಿ ಅಂದರು. ಇವರಿಗೆ ಕೆಲಸ ಗೊತ್ತಿದೆ ಅಂತ ನನಗೆ ಅಲ್ಲೇ ಅನಿಸಿತು.

ಮೊದಲ ಭೇಟಿಯಲ್ಲಿ ವೈ-ಬಾಕ್ಸ್ ಅನ್ನೋ ಪ್ರಶ್ನಾವಳಿ ಮಾಡಿಸಿದರು. ಹತ್ತು ಪ್ರಶ್ನೆ, 40ಕ್ಕೆ ಅಂಕ. 16ರಿಂದ 23 ಮಧ್ಯಮ, 24 ಮತ್ತು ಅದಕ್ಕಿಂತ ಮೇಲೆ ತೀವ್ರ. ಗಣಿತದವರು ನೀವು, ಇಷ್ಟ ಆಗಬಹುದು. ಆಗಾಗ ಮತ್ತೆ ಅಳೆಯುತ್ತಾರೆ, ಇಳಿಯುತ್ತಿದೆಯಾ ಇಲ್ಲವಾ ಗೊತ್ತಾಗುತ್ತೆ. ಆಮೇಲೆ ಭಯಗಳ ಪಟ್ಟಿ. ನೂರಕ್ಕೆ ಇಪ್ಪತ್ತು ಭಯದ್ದು ಕೆಳಗೆ, ತೊಂಬತ್ತರದ್ದು ಮೇಲೆ. ನನಗೆ ಲೈಟ್ ಸ್ವಿಚ್ ಎಲ್ಲಕ್ಕಿಂತ ಕೆಳಗಿತ್ತು. ಸ್ಟವ್ ನಡುವೆ ಎಲ್ಲೋ ಬಂತು.

ಸ್ಟವ್ ದಿನ ಮೊಬೈಲನ್ನು ಡಬ್ಬಿ ಸ್ಟ್ಯಾಂಡಿಗೆ ಒರಗಿಸಿಟ್ಟು ವಿಡಿಯೋದಲ್ಲೇ ಸೆಷನ್. ಹಾಲು ಕಾಯಿಸಿ, ನಾಬ್ ಒಂದೇ ಸಲ ತಿರುಗಿಸಿ, ಹಿಂತಿರುಗದೆ ಜಗಲಿಗೆ ಬರಬೇಕು. ಮೊಬೈಲ್ ಮಾತ್ರ ಕೈಯಲ್ಲಿ. ಅವರು ಐದೈದು ನಿಮಿಷಕ್ಕೆ "ಈಗ ಎಷ್ಟು?" ಅಂತ ಕೇಳೋರು. ಎಪ್ಪತ್ತು, ಎಪ್ಪತ್ತೈದು, ಎಪ್ಪತ್ತು. "ಆಫ್ ಆಗಿದೆ ಅಲ್ವಾ ಮೇಡಂ?" ಅಂದೆ. "ಇರಬಹುದು, ಇಲ್ಲದೆಯೂ ಇರಬಹುದು" ಅಂದರು ಮಹಾತಾಯಿ. ಸಿಟ್ಟು ಬಂತು. ಆದರೆ ಮುಕ್ಕಾಲು ಗಂಟೆ ಆಗುವ ಹೊತ್ತಿಗೆ ತಾನಾಗೇ ಮೂವತ್ತಕ್ಕೆ ಇಳಿದಿತ್ತು. ನಿಮ್ಮ ಹಳೇ ಕೌನ್ಸೆಲರ್ ಧೈರ್ಯ ಹೇಳುತ್ತಿದ್ದರಲ್ಲ, ಅದಕ್ಕೆ ಪೂರ್ತಿ ಉಲ್ಟಾ ಇದು. ಧೈರ್ಯ ಹೇಳಿಸಿಕೊಳ್ಳುವುದೂ ಒಂದು ಚೆಕಿಂಗೇ. ನಿಮ್ಮ ಫೋಟೋ ಕೂಡ ಅಷ್ಟೇ, ಥೆರಪಿಸ್ಟ್ ಅದಕ್ಕೆ ಕೈ ಹಾಕಿಯೇ ಹಾಕುತ್ತಾರೆ.

ಹಾಗಾಗಿ ನಿಮಗೆ ಆನ್‌ಲೈನೇ ವಾಸಿ ಅಂತ ನನ್ನ ಅಭಿಪ್ರಾಯ. ಅಡುಗೆಮನೆಯನ್ನು ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋಗಕ್ಕಾಗಲ್ಲ. ಬರೀ ಮಾತುಕತೆ ಇರುವ ವಾರ ನಾನು ಕಾರಿನಲ್ಲಿ ಗ್ಲಾಸ್ ಏರಿಸಿ ಕೂರುತ್ತಿದ್ದೆ. ನೀವು ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸ್‌ರೂಮಿನಲ್ಲಿ ಕೂರಬಹುದು.

ಬೆಂಗಳೂರಿನ ಪ್ರೈವೇಟ್‌ನವರು ಸೆಷನ್ನಿಗೆ ಸಾವಿರದಿಂದ ಎರಡೂವರೆ ಸಾವಿರ ಹೇಳಿದರು. ಕೇಳಿದರೆ ಕೆಲವರು ಕಮ್ಮಿ ಮಾಡುತ್ತಾರೆ, ನಾಚಿಕೆ ಬೇಡ. ಬೋರ್ಡಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತಿದ್ದರೆ ಆರ್‌ಸಿಐ ನಂಬರ್ ಕೇಳಿ. ಅದಿಲ್ಲದವರ ಹತ್ತಿರ ಹೋಗಲೇಬೇಡಿ.

ವಾರ್ಡ್_ನಂಬರ್_ಏಳು

ಧಾರವಾಡ ಕಡೆಯವಳು, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಲೆಡ್ಜರ್ ಸರ್ ಹೇಳಿದ್ದು ಬಹುಪಾಲು ಸರಿ, ಕೊನೇ ಮಾತು ಒಂದು ಒಪ್ಪುವುದಿಲ್ಲ. ಆರ್‌ಸಿಐ ಅಂದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರಿಗೆ ಅದರ ನೋಂದಣಿ ಬೇಕೇ ಬೇಕು, ಹೆಸರನ್ನು ಅವರ ವೆಬ್‌ಸೈಟಿನಲ್ಲೇ ನೋಡಬಹುದು. ಆದರೆ ಇ.ಆರ್.ಪಿ. ಕಲಿತ ಸೈಕಿಯಾಟ್ರಿಸ್ಟರೂ ಇದ್ದಾರೆ, ನನ್ನಂಥ ಸೋಶಿಯಲ್ ವರ್ಕರುಗಳೂ ಇದ್ದಾರೆ. ನಂಬರ್ ಇದ್ದೂ ಒಂದು ದಿನ ಇ.ಆರ್.ಪಿ. ಮಾಡಿಸದವರೂ ಇದ್ದಾರೆ. ಎಲ್ಲಿ ಕಲಿತಿರಿ, ಯಾರ ಕೈಕೆಳಗೆ ಕಲಿತಿರಿ ಅಂತ ಕೇಳಿ. ಬರೀ "ಕೌನ್ಸೆಲರ್" ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರವಂತೂ ಇದನ್ನು ಕೇಳಲೇಬೇಕು.

ಬೆಂಗಳೂರಿಗೆ ಒಂದು ಸಲ ಹೋಗಿಬರಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಬೇರೆ ಕ್ಲಿನಿಕ್ ಇದೆ. ಮೊದಲು ಸಾಮಾನ್ಯ ಓಪಿಡಿಯಲ್ಲಿ ತೋರಿಸಿ, ಅಲ್ಲಿಂದ ಕಳಿಸುತ್ತಾರೆ. ಜನ ಜಾಸ್ತಿ, ಇಡೀ ದಿನ ಹೋಗುತ್ತೆ ಅಂದುಕೊಂಡೇ ಹೊರಡಿ. ಈಗಿನ ಮಾತ್ರೆ ಚೀಟಿ ತಗೊಂಡು ಹೋಗಿ. ಮಾತ್ರೆ ನಡುವೆ ಬಿಡಬೇಡ್ರಿ. ಓಸಿಡಿಗೆ ಡೋಸ್ ಹೆಚ್ಚು ಬೇಕಾಗೋದುಂಟು, ಪೂರ್ತಿ ಗುಣ ಕಾಣಲಿಕ್ಕೆ ಎಂಟರಿಂದ ಹನ್ನೆರಡು ವಾರ ಹಿಡೀತದ.

ಅಲ್ಲಿವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. 24 ಗಂಟೆಯೂ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ವಾರ ವಾರ ಇ.ಆರ್.ಪಿ. ಅಲ್ಲಿ ಸಿಗಲ್ಲ. ರಾತ್ರಿ ಪೇಪರ್ ಮುಂದೆ ಕೂತು ತಲೆ ಕೆಟ್ಟಾಗ ಮಾತಾಡಲಿಕ್ಕೆ, ಹತ್ತಿರದಲ್ಲಿ ಏನಿದೆ ಅಂತ ಕೇಳಲಿಕ್ಕೆ ಆಗುತ್ತೆ.

ಬೆಂಚಿನ ವಿಷಯ ಓದಿ ಬೇಜಾರಾಯಿತು. ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ. ಬೆಂಚಿನಲ್ಲಿ ಯಾರು ಸಿಗುತ್ತಾರೋ ಅದಕ್ಕೆ ಕಾಯ್ದೆ ಏನೂ ಮಾಡಲ್ಲ, ಆನ್‌ಲೈನ್ ಮಾಡುತ್ತೆ.

ಸೂರ್ಯನಮಸ್ಕಾರ ಅವರೇ, ನಿಮ್ಹಾನ್ಸ್‌ನಲ್ಲಿ ಯೋಗವೂ ಇದೆ, ಯಾರೂ ಬೇಡ ಅನ್ನಲ್ಲ. ಆದರೆ ಈ ಮೇಡಮ್ಮಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದರೆ, ಅವರು ಗಟ್ಟಿಯಾಯಿತಾ ಇಲ್ಲವಾ ಅಂತ ಅದನ್ನೂ ಚೆಕ್ ಮಾಡುತ್ತಾ ಕೂರುತ್ತಾರೆ.

ಗಣಿತದ_ಮೇಡಂ

ಕೊನೇ ಸಾಲು ಓದಿ ಜೋರಾಗಿ ನಕ್ಕೆ, ಅತ್ತೆ ಏನಾಯ್ತು ಅಂತ ಎದ್ದು ಬಂದರು!

ನೀವು ಹೇಳಿದ ಪ್ರಶ್ನೆ ಇಟ್ಟುಕೊಂಡು ಫೋನ್ ಮಾಡಿದೆ. ಮೈಸೂರಿನವರೊಬ್ಬರು "ಧ್ಯಾನದಿಂದ ಶುರು ಮಾಡೋಣ" ಅಂದರು, ಥ್ಯಾಂಕ್ಸ್ ಹೇಳಿ ಇಟ್ಟೆ. ಬೆಂಗಳೂರಿನ ಒಬ್ಬ ಹುಡುಗಿ, ದನಿ ಕೇಳಿದರೆ ನನಗಿಂತ ಚಿಕ್ಕವಳೇ, ಇ.ಆರ್.ಪಿ. ಅಂತ ತಾನೇ ಹೇಳಿದಳು. ಮಂಡ್ಯ ಕಡೆಯ ಕನ್ನಡ. ಫೋಟೋ ವಿಷಯ ಹೇಳಿದೆ. "ಈಗಲೇ ಡಿಲೀಟ್ ಮಾಡಬೇಡಿ ಮೇಡಂ, ಅದು ನಮ್ಮ ಪಟ್ಟಿಯಲ್ಲಿ ಎಷ್ಟನೇ ಮೆಟ್ಟಿಲು ಅಂತ ನೋಡೋಣ" ಅಂದಳು. ಮಕ್ಕಳ ವಿಷಯ ಎತ್ತಲೇ ಇಲ್ಲ. ಶನಿವಾರ ಮೂರು ಗಂಟೆಗೆ ಕೊಟ್ಟಿದ್ದಾಳೆ. ಅಡುಗೆಮನೆ ಸೆಷನ್ ಬಂದಾಗ ಅತ್ತೆಗೆ ಏನು ಹೇಳೋದು ಅಂತ ಕೇಳಿದೆ, ಅದನ್ನೂ ಕೂತು ಯೋಚಿಸೋಣ ಅಂದಳು.

ಒಂದು ಡೌಟು. ನಮ್ಮ ಮನೆಯವರ ಆಫೀಸಿನ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಇದು ಬರುತ್ತಾ?

ಲೆಡ್ಜರ್_ತುಮಕೂರು

ಒಳ್ಳೇದಾಯ್ತು ಮೇಡಂ. ಮೈಕಾಯಿಲೆಗೆ ಕೊಡುವ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ ಅದೇ 2017ರ ಕಾಯ್ದೆಯಲ್ಲಿದೆ, ಸೆಕ್ಷನ್ 21. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡೋದು. ಹೊರಗಿನಿಂದ ಹೋಗಿಬರುವ ಥೆರಪಿ ಸಿಗಬೇಕಾದರೆ ಪಾಲಿಸಿಯಲ್ಲಿ ಓಪಿಡಿ ಕವರ್ ಅಂತ ಬೇರೆಯೇ ಇರಬೇಕು. ಎಚ್‌ಆರ್‌ಗೆ "ಓಪಿಡಿ ಇದೆಯಾ, ಅದರಲ್ಲಿ ಸೈಕಾಲಜಿಸ್ಟ್ ಬಿಲ್ ನಡೆಯುತ್ತಾ" ಅಂತಷ್ಟೇ ಮೇಲ್ ಹಾಕಲಿ, ಯಾರಿಗೆ ಅಂತ ಬರೆಯೋದು ಬೇಡ. ಆ ಹುಡುಗಿ ಹತ್ತಿರ ಪ್ರತಿ ಸೆಷನ್ನಿಗೂ ಹೆಸರು, ನೋಂದಣಿ ನಂಬರ್, ತಾರೀಖು ಇರುವ ರಸೀದಿ ಈಗಿನಿಂದಲೇ ಕೇಳಿಟ್ಟುಕೊಳ್ಳಿ. ನಿಮ್ಮ ಡಾಕ್ಟರು ಥೆರಪಿ ಬೇಕು ಅಂತ ಬರೀ ಬಾಯಲ್ಲಿ ಹೇಳಿದ್ದರೆ, ಮುಂದಿನ ಸಲ ಚೀಟಿಯ ಮೇಲೂ ಬರೆಸಿಕೊಂಡು ಬನ್ನಿ.