ಸಹಾಯ ಬೇಕು: ಟರ್ಬಿಯಂ ಮ್ಯಾಂಗನೈಟ್ ಪೈರೋಕರೆಂಟ್‌ನಲ್ಲಿ ಎರಡನೇ ಪೀಕ್

ಟರ್ಬಿಯಂ ಮ್ಯಾಂಗನೈಟ್ ಪೆಲೆಟ್ ಮೇಲೆ ಪೈರೋಕರೆಂಟ್ (ಬಿಸಿ ಮಾಡುವಾಗ ಹರಿಯುವ ಕರೆಂಟ್) ಅಳೆಯುತ್ತಿದ್ದೇನೆ. ಇದರಲ್ಲಿ ಮ್ಯಾಂಗನೀಸ್ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಅಯಸ್ಕಾಂತಗಳು) ಸುಮಾರು 41 ಕೆಲ್ವಿನ್‌ನಲ್ಲೇ ಕ್ರಮಕ್ಕೆ ಬಂದರೂ ಪೋಲರೈಸೇಶನ್ (ವಿದ್ಯುತ್ ಧ್ರುವೀಕರಣ) ಇರಲ್ಲ. 28ರ ಹತ್ತಿರ ಆ ಸ್ಪಿನ್‌ಗಳ ಜೋಡಣೆ ಸುರುಳಿಯಾದ ಮೇಲೇ ಅದು ಹುಟ್ಟೋದು. ಎಷ್ಟು ಚೆಂದದ ವಿಷಯ!

28ರಲ್ಲಿ ಚೂಪಾದ ಪೀಕ್ ಸಿಕ್ಕಿದೆ. ಪೋಲಿಂಗ್ ವೋಲ್ಟೇಜ್ (ಮೊದಲು ತಣ್ಣಗಾಗಿಸುವಾಗ ಹಾಕುವ ವೋಲ್ಟೇಜ್) ತಿರುಗಿಸಿದರೆ ಅದರ ದಿಕ್ಕೂ ತಿರುಗುತ್ತದೆ. ತೊಂದರೆ ಇರೋದು 50ರ ಆಸುಪಾಸಿನ ಅಗಲವಾದ ಪೀಕ್‌ನಲ್ಲಿ. ಅಲ್ಲಿ ಯಾವ ಮ್ಯಾಗ್ನೆಟಿಕ್ ಕ್ರಮವೂ ಇಲ್ಲ, ಅಲ್ವಾ? ಪೋಲಿಂಗ್ ಆದಮೇಲೆ ಎಲೆಕ್ಟ್ರೋಡ್‌ಗಳನ್ನು ಶಾರ್ಟ್ ಮಾಡಿ ತುಂಬಾ ಹೊತ್ತು ಬಿಟ್ಟೆ, ಹೋಗಲಿಲ್ಲ. ಬೇಗ ಬಿಸಿ ಮಾಡಿದರೆ ಇದು ಮೇಲಕ್ಕೆ ಜರುಗುತ್ತದೆ, 28ರದ್ದು ಕದಲುವುದಿಲ್ಲ. ಸಿಕ್ಕಿಬಿದ್ದ ಚಾರ್ಜ್ ಅಂತ ಅನುಮಾನ. ಆದರೆ ಇದರ ಬಾಲ 28ರವರೆಗೂ ಚಾಚಿ ಪೋಲರೈಸೇಶನ್ ಲೆಕ್ಕ ಕೆಡಿಸುತ್ತಿದೆ.

ಪೋಲಿಂಗನ್ನು ಈಗಿನ 100 ಕೆಲ್ವಿನ್ ಬದಲು 32ರಿಂದ ಶುರು ಮಾಡಿದರೆ ಸಾಕಾ, ಇಲ್ಲ ಬಾಲವನ್ನು ಫಿಟ್ ಮಾಡಿ ಕಳೆಯಲೇಬೇಕಾ?