ಮನ್ಯಾಗ ಆಡಕೋತ ವ್ಯಾಯಾಮ ಮಾಡೂ ಗೇಮ್ ತಗೋಬೇಕಂತ ಮಾಡೀನಿ, ತಗೊಂಡವರು ಅನುಭವ ಹೇಳ್ರಿ

ನವನಗರ ಟೀಚರ್
ಎಲ್ಲಾರಿಗೂ ನಮಸ್ಕಾರ. ಬಾಗಲಕೋಟಿ ನವನಗರದಾಗ ಇರ್ತೀನಿ, ಹೈಸ್ಕೂಲ್ ಟೀಚರ್, ವಯಸ್ಸು 41. ಸಕ್ಕರಿ ಗಡಿಗೆ ಬಂದು ನಿಂತೈತಿ, ದಿನಾ ಬೆವರು ಬರೂವಂಗ ಏನರ ಮಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಮುಂಜಾನೆ ಡಬ್ಬಿ ಕಟ್ಟೂದು, ಸಂಜಿಕ ಪೇಪರ್ ತಿದ್ದೂದು, ವಾಕಿಂಗಿಗೆ ಹೊರಗ ಹೋಗಾಕ ಆಗವಲ್ದು. ನಿಂಟೆಂಡೊ ಸ್ವಿಚ್ ಅನ್ನೂ ಗೇಮ್ ಮಷಿನ್ ಮತ್ತ ಅದರಾಗ ಪ್ಲಾಸ್ಟಿಕ್ ಬಳಿ ಹಿಡದು ಆಡೂ ರಿಂಗ್ ಫಿಟ್, ಇಲ್ಲಾಂದ್ರ ಮುಖಕ್ಕ ಕಟ್ಟಿಕೊಂಡು ಆಡೂ ಕ್ವೆಸ್ಟ್ ವಿಆರ್, ಇಲ್ಲಾಂದ್ರ ಮೈ ಅಲಗಾಡೂದನ್ನ ಕ್ಯಾಮೆರಾದಿಂದ ಹಿಡಿಯೂ ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಕಿನೆಕ್ಟ್. ಮೂರರಾಗ ಯಾವ್ದು? ಬಜೆಟ್ 35 ಸಾವಿರ. ಮೊದಲನೇ ಮಹಡಿ ಬಾಡಿಗಿ ಮನಿ, ಕೆಳಗ ಓನರ್ ಇರ್ತಾರ, ಸಪ್ಪಳ ಆಗ್ತೈತೇನು ಅದನ್ನೂ ಹೇಳ್ರಿ. ಹಾಲ್ 10 ಬೈ 11, ಅದರಾಗ ಸೋಫಾ, ದಿವಾನ ಎರಡೂ ಅದಾವ.

ತಿಳಕವಾಡಿ ವಾಸಿ
ರಿಂಗ್ ಫಿಟ್ ತಗೋರಿ ಟೀಚರ, ಮತ್ತೊಂದು ನೋಡಬ್ಯಾಡ್ರಿ. ನಾ 2020ರ ಲಾಕ್‌ಡೌನಿನಾಗ ತಗೊಂಡಾಂವ. 2019ರ ಅಕ್ಟೋಬರ್‌ದಾಗ ಆ ಗೇಮ್ ಬಂತು. ಮುಂದ ನಾಕು ತಿಂಗಳಿಗೆ ಚೀನಾದಾಗ ಫ್ಯಾಕ್ಟರಿ ಬಂದ್ ಬಿದ್ದುವು, ಅದ ಹೊತ್ತಿಗೆ ಜಗತ್ತೆಲ್ಲ ಮನ್ಯಾಗ ಕುಂತು ಅದನ್ನ ಹುಡುಕಾಕ ಹತ್ತಿತು. ಜಪಾನ್, ಅಮೇರಿಕಾದಾಗನ ಸಿಗವಲ್ದಾಗಿತ್ತು. ನಮ್ಮ ದೇಶದಾಗ ನಿಂಟೆಂಡೊ ಅಧಿಕೃತವಾಗಿ ಮಾರೂದ ಇಲ್ಲ, ಎಲ್ಲಾ ಹೊರಗಿಂದ ತರಿಸಿದ ಮಾಲು. ಅಂಥಾದ್ರಾಗ ನನಗ ಬಿದ್ದ ರೊಕ್ಕ ಕೇಳ್ರಿ: ಸ್ವಿಚ್ 31,500, ರಿಂಗ್ 13,800, ಕೊರಿಯರ್ 650, ಅಮೇರಿಕಾ ಪಿನ್ನಿಗೆ ಕನ್ವರ್ಟರ್ 120.

ಡಬ್ಬಿ ತಗದ್ರ ತೊಡಿಗೆ ಕಟ್ಟೂ ಪಟ್ಟಿ ಇಲ್ಲ. ಅಂಗಡಿಯವಗ ಫೋನ್ ಹಚ್ಚಿದ್ರ ‘ನಾವು ಸೀಲ್ ಮಾಲು ಕೊಟ್ಟೀವಿ, ಡಬ್ಬಿ ನೀವ ತಗದೀರಿ’ ಅಂದ. ಆ ಪಟ್ಟಿ ಇಲ್ಲಾಂದ್ರ ಗೇಮ್ ಅರ್ಧಾನೂ ನಡಿಯೂದಿಲ್ಲ. ಎಡಗಡೆ ಜಾಯ್‌ಕಾನ್, ಅಂದ್ರ ಸ್ವಿಚ್ಚಿನಿಂದ ಬಿಚ್ಚಿ ಹಿಡಿಯೂ ಸಣ್ಣ ಕಂಟ್ರೋಲರ್, ಆ ಪಟ್ಟಿ ಕಿಸೆದಾಗ ಕುಂತು ನಿಮ್ಮ ಕಾಲು ಎಷ್ಟು ಎದ್ದಿತು ಅಂತ ಲೆಕ್ಕ ಹಿಡೀತೈತಿ. ಖಡೇಬಜಾರದಾಗ ಒಬ್ಬ ಟೇಲರ್ ಅರ್ಧ ಶಟರ್ ಏರಿಸಿ ಮಾಸ್ಕ್ ಹೊಲೀತಿದ್ದ. ಮೊಣಕಾಲಿಗೆ ಹಾಕೂ ನೀ ಕ್ಯಾಪ್ ಕತ್ತರಿಸಿ, ಚಪ್ಪಲಿಗೆ ಹಚ್ಚೂ ವೆಲ್ಕ್ರೊ ಹೊಲಿದು, ಜಾಯ್‌ಕಾನ್ ಅಳತಿ ಹಿಡದು ಕಿಸೆ ಮಾಡಿಕೊಟ್ಟ. 180 ರೂಪಾಯಿ. ಮೊದಲನೇ ಸಲ ಸಡಿಲ ಆಗಿ ಮೊಣಕಾಲಿಗೆ ಜಾರಿತು, ನಾ ಓಡಾಕತ್ತಿದ್ರೂ ಸ್ಕ್ರೀನಿನ್ಯಾಗಿನ ಮನಶ್ಯಾ ನಿಂತ ಬಿಟ್ಟ. ಮತ್ತ ಹೋಗಿ ಒಳಗ ರಬ್ಬರ್ ಪಟ್ಟಿ ಹೊಲಿಸಿದೆ, ಇನ್ನೊಂದು 60. ಇವತ್ತಿಗೂ ಅದ ಪಟ್ಟಿ. ಬೆವರಿನ ಉಪ್ಪು ಕುಂತು ಬೆಳ್ಳಗ ಆಗೈತಿ, ಹೊಲಿಗಿ ಒಂದೂ ಬಿಚ್ಚಿಲ್ಲ.

ಗೇಮ್ ಭಾರೀ ಐತ್ರಿ. ಡ್ರ್ಯಾಗನ್ ಜೋಡಿ ಕಾಳಗ, ನಿಮ್ಮ ಪೆಟ್ಟು ಅಂದ್ರ ನಿಮ್ಮ ಬಸ್ಕಿ. ಬಸ್ಕಿ ಅರ್ಧಕ್ಕ ಬಿಟ್ರ ಪೆಟ್ಟೂ ಅರ್ಧ. ವೃಕ್ಷಾಸನ, ವೀರಭದ್ರಾಸನ ಎಲ್ಲಾ ಅದಾವ. ಕಡೀಕ ಬಲಗಡೆ ಜಾಯ್‌ಕಾನಿನ ಕ್ಯಾಮೆರಾ ಮ್ಯಾಲ ಹೆಬ್ಬೆಟ್ಟು ಇಟ್ರ ನಾಡಿ ಎಣಿಸಿ ಹೇಳ್ತೈತಿ. ನನ್ನ ಪ್ಯಾಂಟ್ 38 ಇದ್ದದ್ದು 34 ಆಗೈತಿ. ಅಷ್ಟು ರೊಕ್ಕ ಯಾಕ ಕೊಟ್ಟಿ ಅಂತ ಯಾರರ ಕೇಳಿದ್ರ ಪ್ಯಾಂಟ್ ತೋರಸ್ತೀನಿ.

ಗುಮ್ಮಟ ನಗರಿ
ನಾ ವಿಜಯಪುರ ಸ್ಟೇಷನ್ ರೋಡ್ ಕಡೆ ಗೇಮ್ ಪಾರ್ಲರ್ ಇಟ್ಟಿದ್ದೆ. ಈ ಧಂಧೆ ಏರಿದ್ದೂ ಇಳಿದದ್ದೂ ಎರಡೂ ಕಣ್ಣಾರೆ ಕಂಡೀನಿ, ಅದಕ್ಕ ಹೇಳ್ಲಿಕತ್ತೀನಿ. 2006ರಾಗ ನಿಂಟೆಂಡೊದ ವೀ ಅನ್ನೂ ಗೇಮ್ ಮಷಿನ್ ಬಂತು, ಮುಂದ 10 ಕೋಟಿ ಮ್ಯಾಲ ಮಾರಾಟ ಆತು. ನಿಂತು ಆಡೂ ಹಲಗಿ ಜೋಡಿ ಬಂದ ವೀ ಫಿಟ್ ಒಂದ 2 ಕೋಟಿ 20 ಲಕ್ಷ ದಾಟಿತು. ಮಕ್ಕಳ ಆಟ ಅಂದವರ ಮನ್ಯಾಗ ಅಜ್ಜಿ ತಾತ ಆ ಹಲಗಿ ಮ್ಯಾಲ ನಿಂತ್ರು. ಅದನ್ನ ನೋಡಿ ಮೈಕ್ರೋಸಾಫ್ಟ್ 2010ರ ನವೆಂಬರಿಗೆ ಕಿನೆಕ್ಟ್ ತಂತು, 60 ದಿವಸದಾಗ 80 ಲಕ್ಷ ಹೋಗಿ ಗಿನ್ನೆಸ್ ದಾಖಲೆ ಆತು. ಆ ಸುದ್ದಿ ಓದೇ ನಾ ಮೂರು ಕಿನೆಕ್ಟ್ ತಂದದ್ದು.

ಲೆಕ್ಕ ಹೇಳ್ತೀನಿ. ಮೂರು ಸೆಟ್ ಕೂಡಿ 74,000. ಒಬ್ಬರು ಆಡಬೇಕಾದ್ರ ಕ್ಯಾಮೆರಾದಿಂದ 6 ಅಡಿ, ಇಬ್ಬರಾದ್ರ 8 ಅಡಿ ಹಿಂದ ನಿಂದರಬೇಕು. ಅದಕ್ಕ ನಡುವಿನ ಗೋಡಿ ಒಡಿಸಿದೆ, ಗೌಂಡಿಗೆ 7,500, ಮಣ್ಣು ಹೊರಿಸಿದ್ದು 1,200. ಮ್ಯಾಲ ಪತ್ರಾಸ್, ಮೇ ತಿಂಗಳದಾಗ ಒಳಗ ಕಾಲಿಡ್ಲಿಕ್ಕೆ ಆಗ್ತಿರಲಿಲ್ಲ, ಎರಡು ಕೂಲರ್ 11,000. ತಾಸಿಗೆ 40 ರೂಪಾಯಿ. ಮೊದಲನೇ ವರ್ಷ ಹುಡುಗ್ರು ಪಾಳಿ ಹಚ್ತಿದ್ರು. ಎರಡನೇ ವರ್ಷ ಎಲ್ಲಾರೂ ಕ್ರಿಕೆಟ್, ಫುಟ್‌ಬಾಲ್ ಕೇಳಿಕೋತ ಪ್ಲೇಸ್ಟೇಷನ್ ಕಡೆ ಹೊಂಟ್ರು. 2017ಕ್ಕ ಕಂಪನಿ ಕಿನೆಕ್ಟ್ ಮಾಡೂದ ನಿಲ್ಲಿಸ್ತು. ವೀ ಆದ ಮ್ಯಾಲ ಬಂದ ವೀ ಯು ಮಷಿನ್ನಿನ ಮಾರಾಟ ಎಲ್ಲಾ ಕೂಡಿ 1 ಕೋಟಿ 36 ಲಕ್ಷದ ಹತ್ರನ ನಿಂತಿತು. ವ್ಯಾಯಾಮದ ಗೇಮ್ ಅಂದ್ರ ಹಿಂಗನ: ಜೋರಾಗಿ ಏರ್ತದ, ಹಂಗ ಇಳೀತದ, ಬಿಡಿಭಾಗ ಸಿಗಲಾರದ ಮಾಲು ತಗೊಂಡವರ ಕೈಯಾಗ ಉಳೀತದ. ಎರಡು ಸೆಟ್ 1,800ಕ್ಕ ಕೊಟ್ಟೆ. ಒಂದು ಮನ್ಯಾಗ ಅದ, ಚಲೋ ನಡದದ. ಕೈಯಾಗ ಏನೂ ಹಿಡಕೊಳ್ಳೂದು ಬ್ಯಾಡ, ತೊಡಿಗೆ ಏನೂ ಕಟ್ಟೂದು ಬ್ಯಾಡ. ಟೇಲರ್ ಕಡೆ ಹೋಗೂ ಪ್ರಸಂಗ ಬರಂಗಿಲ್ಲ.

ತಿಳಕವಾಡಿ ವಾಸಿ
ಟೇಲರ್ ಮಾತು ಯಾಕ್ರೀ? ಕದ್ದ ಅಂಗಡಿಯವನ ತಪ್ಪು ಗೇಮಿನ ತಪ್ಪಾಗಾಕ ಸಾಧ್ಯ ಇಲ್ಲ. ಮತ್ತ ಏರಿ ಇಳಿಯೂ ಮಾತು ರಿಂಗ್ ಫಿಟ್‌ಗೆ ಹೊಂದೂದಿಲ್ಲ. ಲಾಕ್‌ಡೌನ್ ಮುಗದ ಮ್ಯಾಲೂ ವರ್ಷಗಟ್ಟಲೆ ಮಾರಾಟ ಆಗಿ 1.5 ಕೋಟಿ ದಾಟೇತಿ. ನಿಮ್ಮ ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಸ್ಟೋರ್ 2024ರ ಜುಲೈಕ್ಕ ಬಾಗಲಾ ಹಾಕೇತಿ, ಹೊಸ ಗೇಮ್ ಖರೀದಿ ಮಾಡಾಕ ಬರೂದಿಲ್ಲ. ಅದನ್ನ ಟೀಚರಿಗೆ ಯಾಕ ಹೇಳಲಿಲ್ಲ?

ಗುಮ್ಮಟ ನಗರಿ
ಡಿಸ್ಕ್ ಸಿಗ್ತಾವ. ನನ್ನ ಹತ್ರನ ಅದಾವ.

ಮುಧೋಳ ಗರಡಿ
ಇಷ್ಟೆಲ್ಲಾ ಓದಿ ಹೊಟ್ಟ್ಯಾಗ ಸಂಕಟ ಆತು. 45 ಸಾವಿರ ಕೊಟ್ಟು ಪ್ಲಾಸ್ಟಿಕ್ ಬಳಿ ಒತ್ತೂದು! ನಮ್ಮ ಓಣ್ಯಾಗ ಗರಡಿ ಮನಿ ಐತಿ, ನನ್ನ ಮುತ್ತ್ಯಾ ಸಾಮು ಮಾಡಿದ ಜಾಗ, ನಾ ಇವತ್ತಿಗೂ ಅಲ್ಲೇ ದಂಡ ಬಸ್ಕಿ ಹೊಡೀತೀನಿ. ಕರ್ಲಾಕಟ್ಟಿ ಜೋಡಿ ಬಡಿಗ್ಯಾನ ಕಡೆ ಮಾಡಿಸಿದ್ದು 1,400, ಕೆಮ್ಮಣ್ಣು ಹಾಕ್ಸಾಕ ವರ್ಷಕ್ಕ ತಲಾ 500 ಪಟ್ಟಿ, ಹಾಲು ಬದಾಮಿ ಖರ್ಚು ಬ್ಯಾರೆ. ಭುಜ ಒಮ್ಮೆ ಸರದಿತ್ತು, ಮೂರು ತಿಂಗಳ ಎಣ್ಣಿ ತಿಕ್ಕಿಸಿಕೊಂಡು ಮತ್ತ ಅದ ಕಟ್ಟಿಗಿ ತಿರುಗಿಸೀನಿ. ಇದಕ್ಕ ಕರೆಂಟ್ ಬ್ಯಾಡ, ಚಾರ್ಜರ್ ಬ್ಯಾಡ. ನಮ್ಮ ಜಿಲ್ಲಾದಾಗ ಸಂಗ್ರಾಣಿ ಕಲ್ಲು ಎತ್ತೂ ಮಂದಿ ಇನ್ನೂ ಅದಾರ, ಅವರ ಮುಂದ ಡ್ರ್ಯಾಗನ್ ಕಾಳಗದ ಮಾತು ಆಡಬ್ಯಾಡ್ರಿ.

ವಿದ್ಯಾಗಿರಿ ಅಕ್ಕ
ಅಣ್ಣಾರ, ಕೇಳಿದವರು ಹೆಣ್ಣುಮಗಳು. ನಿಮ್ಮ ಗರಡ್ಯಾಗ ನಮ್ಮನ್ನ ಹೊಸ್ತಿಲ ದಾಟಿಸಿ ಒಳಗ ಬಿಡ್ತೀರೇನು? ಬಿಡೂದಿಲ್ಲ. ಮುಂಜಾನೆ ಐದಕ್ಕ ರಸ್ತಾದಾಗ ಒಬ್ಬಾಕಿ ಹೊಂಟ್ರ ನಾಯಿ ಹಿಂದ, ಸಂಜಿಕ ಹೊಂಟ್ರ ‘ಏನ್ ಅಕ್ಕಾರ, ತಿರಗಾಡಾಕ ಹೊಂಟೀರಿ?’ ಅಂತ ಹತ್ತು ಮಂದಿ. ಬಾಗಲಾ ಹಾಕ್ಕೊಂಡು, ನೈಟ್ಯಾಗೋ ಚೂಡಿದಾರದಾಗೋ, ಯಾರೂ ನೋಡಲಾರದಂಗ ಕುಣಿಯಾಕ ಬರ್ತೈತಿ. ಇಂಥಾ ಗೇಮ್ ಜಗತ್ತಿನಾಗ ಇಷ್ಟು ಮಾರಾಟ ಆಗಾಕ ಅದ ಕಾರಣ ಅಂತ ನಾ ಗಟ್ಟಿಯಾಗಿ ಹೇಳ್ತೀನಿ.

ನನ್ನದು ಕೇಳ್ರಿ. ನಮ್ಮ ಮೈದುನ ಅಮೇರಿಕಾದಿಂದ ವೀ ಮತ್ತ ಹಲಗಿ ತಂದುಕೊಟ್ಟಿದ್ದ. ಅಲ್ಲಿ ವೀ ಅಡಾಪ್ಟರ್ 120 ವೋಲ್ಟಿನದು, ನಮ್ಮಲ್ಲಿ 230. ಕರೆಂಟ್ ಅಂಗಡಿಯವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಡೂ ಬದಲಿ ಬರೇ ಪಿನ್ ಬದಲಿಸಿ ‘ಹಾಕ್ರಿ, ಏನೂ ಆಗೂದಿಲ್ಲ’ ಅಂತ ಕಳಿಸಿದ. ಹಾಕಿದ ಕೂಡಲೆ ಸುಟ್ಟ ವಾಸನಿ. ಹೊಸಾ ಅಡಾಪ್ಟರ್ ಹುಡುಕಿ ತರಿಸಾಕ 2,300, ಎರಡೂವರಿ ತಿಂಗಳ. ಆಮ್ಯಾಲ ಇಲ್ಲಿ ಸಿಕ್ಕ ಡಿಸ್ಕ್ ಹಾಕಿದ್ರ ಓದವಲ್ದು, ವೀಗೆ ರೀಜನ್ ಲಾಕ್ ಐತಿ. ಅಮೇರಿಕಾ ಡಿಸ್ಕ್ ಅಮೇರಿಕಾ ಮಷಿನ್ನಿಗೆ ಮಾತ್ರ. ಸ್ವಿಚ್‌ನ್ಯಾಗ ಈ ಎರಡೂ ಕಾಟ ಇಲ್ಲ, ಚಾರ್ಜರ್ 240 ವೋಲ್ಟ್ ತನಕ ತಡೀತೈತಿ, ಯಾವ ದೇಶದ ಗೇಮ್ ಆದ್ರೂ ನಡೀತೈತಿ. ಈಗ ನಂದು ಸ್ವಿಚ್, ಜಸ್ಟ್ ಡ್ಯಾನ್ಸ್. ಮಗಳೂ ನಾನೂ ಕೂಡಿ ಕುಣೀತೀವಿ. ರೊಟ್ಟಿ ಬಡದು ಬಡದು ಹೆಗಲು ಹಿಡಕೊಂಡಿದ್ದು ಬಿಟ್ಟೈತಿ.

ಮುಧೋಳ ಗರಡಿ
ತಾಯಿ, ನಾ ಹೆಣ್ಣುಮಕ್ಕಳಿಗೆ ಬ್ಯಾಡ ಅಂದಿಲ್ಲ. ಈಗ ಹುಡುಗ್ಯಾರೂ ಕುಸ್ತಿ ಆಡ್ತಾರ, ಮ್ಯಾಟ್ ಮ್ಯಾಲ ಕಲಸೂ ಕಡೆ ಹೋಗ್ರಿ ಅಂತೀನಿ.

ವಿದ್ಯಾಗಿರಿ ಅಕ್ಕ
41 ವಯಸ್ಸಿನ ಟೀಚರಿಗೆ ಕುಸ್ತಿ ಕಲೀರಿ ಅಂತೀರಲ್ಲ, ಆಕಿ ಮನಿ ಕೆಲಸ ನೀವು ಬಂದು ಮಾಡ್ತೀರೇನು?

ಶಹಾಪುರ ಇಂಜಿನಿಯರ್
ವಿಆರ್ ಬಗ್ಗೆ ಯಾರೂ ಮಾತಾಡವಲ್ರು, ನಾ ಹೇಳ್ತೀನಿ. ನಂದು ಕ್ವೆಸ್ಟ್ 3ಎಸ್. ನಾ ತಗೊಳ್ಳೂ ಮುಂದ ಇದೂ ಇಲ್ಲಿ ಅಧಿಕೃತವಾಗಿ ಸಿಗ್ತಿರಲಿಲ್ಲ. ಅಮೇರಿಕಾದಾಗ 2024ಕ್ಕ ಬಂದಾಗ ಬೆಲಿ 299 ಡಾಲರ್ ಇತ್ತು, ನಮ್ಮ ಅಣ್ಣ ಬರೂ ಮುಂದ ಬಿಲ್ ಸಮೇತ ತಂದ, ಟ್ಯಾಕ್ಸ್ ಕೂಡಿ 27,400 ಬಿತ್ತು. ಆದ್ರ ಅಲ್ಲಿಗೆ ಮುಗಿಯೂದಿಲ್ಲ. ಡಬ್ಬಿ ಜೋಡಿ ಬಂದ ಪಟ್ಟಿ ಸಡಿಲ, ಗಟ್ಟಿ ಹೆಡ್ ಸ್ಟ್ರ್ಯಾಪ್ 3,200. ಬೆವರು ಒರಸಾಕ ಬರೂವಂಥಾ ಸಿಲಿಕೋನ್ ಕವರ್ 900. ನನಗ ಚಶ್ಮಾ ಐತಿ, ಒಳಗ ಕೂಡಸೂ ನಂಬರ್ ಗ್ಲಾಸಿಗೆ 5,600. ಕಂಟ್ರೋಲರ್ ಗ್ವಾಡಿಗೆ ಬಡಿದು ಉಂಗುರ ಬೆರಳಿನ ಉಗುರು ಕಿತ್ತಿತು, ಟೆಟನಸ್ ಇಂಜೆಕ್ಷನ್, ಡ್ರೆಸಿಂಗ್ 450. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ ಖಾಲಿ ಜಾಗ ಬೇಕ ಬೇಕು. ಬ್ಯಾಟರಿ ಎರಡು, ಎರಡೂವರಿ ತಾಸು.

ಇಷ್ಟಾದ್ರೂ ನಾ ಬಿಡೂದಿಲ್ಲ. ಹಾಡಿನ ತಾಳಕ್ಕ ಕತ್ತಿ ಬೀಸೂ ಬೀಟ್ ಸೇಬರ್ ಗೇಮ್ ಆಡೂ ಮುಂದ ವ್ಯಾಯಾಮ ಮಾಡಾಕತ್ತೀನಿ ಅನ್ನೂ ನೆನಪ ಇರೂದಿಲ್ಲ. ಹಾಡಿನ ಕಡೆ ಲಕ್ಷ್ಯ ಇರ್ತೈತಿ, ಕೈ ತಾನ ಬೀಸ್ತೈತಿ, ತಗದು ನೋಡಿದ್ರ ಬನಿಯನ್ ಹಿಂಡೂವಂಗ ಆಗಿರ್ತೈತಿ. ರಿಂಗ್ ಫಿಟ್ ನಡುನಡುವ ನಿಲ್ಲಿಸಿ ಮಾತಾಡ್ತೈತಿ, ನನಗ ಆಗಂಗಿಲ್ಲ.

ಗುಮ್ಮಟ ನಗರಿ
ಮುಖಕ್ಕ ಹಚ್ಚೂ ಆ ಸ್ಪಂಜಿನಿಂದ ಚರ್ಮ ಕೆಂಪಾಗ್ತದಂತ 2021ರಾಗ ಕಂಪನಿಯವರು ಕ್ವೆಸ್ಟ್ 2ರ ಮಾರಾಟ ಸ್ವಲ್ಪ ದಿವಸ ನಿಲ್ಲಿಸಿ, ಸಿಲಿಕೋನ್ ಕವರ್ ಪುಕ್ಕಟ ಹಂಚಿದ್ರು. ಅದನ್ನೂ ಹೇಳ್ರಿ.

ಶಹಾಪುರ ಇಂಜಿನಿಯರ್
ಅದು ಹಳೇ ಮಾಡೆಲ್, ನಾ ಹೇಳಾಕತ್ತದ್ದು 3ಎಸ್. ನಿಮ್ಮ ಬಂದ್ ಆದ ಕಿನೆಕ್ಟಿಗಿಂತ ಇದು ಬದುಕೇತಿ. ಬಿಲ್ ಇಲ್ಲದ ಮಾಲಿಗಿಂತಾನೂ ಚಲೋ, ತಿಳಕವಾಡಿಯವರು ಬಿಲ್ ತೋರಸ್ಲಿ ನೋಡೋಣ.

ತಿಳಕವಾಡಿ ವಾಸಿ
ಅಮೇರಿಕಾದಾಗ ಅಣ್ಣ ಇದ್ದಾವ ಬಿಲ್ ಮಾತು ಆಡ್ತಾನ. ಲಾಕ್‌ಡೌನಿನಾಗ ವಿಮಾನನ ಇರಲಿಲ್ಲ, ಬಿಲ್ ಎಲ್ಲಿಂದ ತರ್ಲಿ? ಅಪ್ಪ ಕೋವಿಡ್‌ನ್ಯಾಗ ಆಸ್ಪತ್ರಿಗೆ ಸೇರಿದ್ರು, ನಾ ಮನ್ಯಾಗ ಒಬ್ಬಾಂವ, ನಿದ್ದಿ ಬರ್ತಿರಲಿಲ್ಲ. ಆ ರಿಂಗ್ ಹಿಡದು ಬೆವರು ಸುರಿಸಿದ ಮ್ಯಾಲನ ಕಣ್ಣು ಮುಚ್ತಿದ್ದುವು. ಆ 13,800ರ ಲೆಕ್ಕ ನಿಮಗ ಕೊಡಬೇಕಾಗಿಲ್ಲ.

ಶಹಾಪುರ ಇಂಜಿನಿಯರ್
ಆ ಮಾತು ಗೊತ್ತಿರಲಿಲ್ರೀ. ಆದ್ರ ಬಿಲ್ ವಿಷಯ ಟೀಚರಿಗೆ ತಿಳೀಬೇಕು, ವಾರಂಟಿ ಸಿಗೂದಿಲ್ಲ.

ನವನಗರ ಟೀಚರ್
ಎಲ್ಲಾ ಓದಿದೆ. ನಾ ಕೇಳಿದ್ದಕ್ಕ ಯಾರೂ ಹೇಳಲಿಲ್ಲ ನೋಡ್ರಿ: ಕೆಳಗ ಓನರ್ ಇರ್ತಾರ, ಓಡಿದ್ರ ಸಪ್ಪಳ ಆಗ್ತೈತಿಲ್ಲೋ? ನಮ್ಮ ಓನರಮ್ಮ ಮಿಕ್ಸಿ ಹಚ್ಚಿದ್ರ ಮ್ಯಾಲ ಬಂದು ಕೇಳ್ತಾರ.

ವಿದ್ಯಾಗಿರಿ ಅಕ್ಕ
ಜಸ್ಟ್ ಡ್ಯಾನ್ಸ್ ಬ್ಯಾಡ ಹಂಗಾರ. ನಮ್ಮದು ಸ್ವಂತ ಮನಿ, ಕೆಳಗ ಯಾರೂ ಇಲ್ಲ.

ತಿಳಕವಾಡಿ ವಾಸಿ
ರಿಂಗ್ ಫಿಟ್‌ನ್ಯಾಗ ಸೈಲೆಂಟ್ ಮೋಡ್ ಐತ್ರಿ ಟೀಚರ. ಅದನ್ನ ಹಾಕಿದ್ರ ಓಡೂ ಬದಲಿ ಮೊಣಕಾಲು ಮಡಚಿ ಮ್ಯಾಲ ಕೆಳಗ ಆದ್ರ ಸಾಕು, ಮನಶ್ಯಾ ಮುಂದ ಹೋಗ್ತಾನ. ಸಪ್ಪಳ ಇಲ್ಲ, ತೊಡಿ ಮಾತ್ರ ಉರೀತೈತಿ. ನಿಮ್ಮ ಹಾಲಿನಾಗ ದಿವಾನ ಸರಸಿದ್ರ ಜಾಗಾನೂ ಸಾಕು. ಮತ್ತ ಲೈಟ್ ಮಾಡೆಲ್ ತಗೋಬ್ಯಾಡ್ರಿ, ಅದರ ಜಾಯ್‌ಕಾನ್ ಬಿಚ್ಚಾಕ ಬರೂದಿಲ್ಲ. 2025ರ ಸ್ವಿಚ್ 2ರ ಜಾಯ್‌ಕಾನ್ ದೊಡ್ಡವು, ರಿಂಗಿನಾಗ ಕೂಡೂದಿಲ್ಲ, ಹಳೇವು ಬೇಕ ಬೇಕು. ಸಾದಾ ಹಳೇ ಸ್ವಿಚ್ ನೋಡ್ರಿ.

ಗುಮ್ಮಟ ನಗರಿ
ಹಳೇ ಜಾಯ್‌ಕಾನ್ ಜೋಡಿ ನನ್ನ ಹತ್ರ ಒಂದು ಅದ, 4,500.

ತಿಳಕವಾಡಿ ವಾಸಿ
4,500? ಎಡಗಡೆ ಸ್ಟಿಕ್ ತಾನ ಸರೀತೈತಿಲ್ಲೋ ಮೊದಲ ಹೇಳ್ರಿ. ಟೀಚರ, ವಿಡಿಯೋ ಕಾಲ್‌ನ್ಯಾಗ ಸ್ಟಿಕ್ ಮುಟ್ಟದಂಗ ಇಟ್ಟು ತೋರಸಾಕ ಹೇಳ್ರಿ, ಪಾಯಿಂಟರ್ ಅಲಗಾಡಿದ್ರ ಬ್ಯಾಡ.

ಗುಮ್ಮಟ ನಗರಿ
ನನ್ನ ಮಾಲು ಅಲಗಾಡೂದಿಲ್ಲ. 4,200ಕ್ಕ ಕೊಡ್ತೀನಿ, ಬಸ್ಸಿನ್ಯಾಗ ಪಾರ್ಸಲ್ ಹಾಕ್ತೀನಿ. ಬಾಗಲಕೋಟಿ ಸ್ಟ್ಯಾಂಡಿನ್ಯಾಗ ನೋಡಿ, ಹಚ್ಚಿ, ಆಮ್ಯಾಲ ರೊಕ್ಕ ಹಾಕ್ರಿ.

ನವನಗರ ಟೀಚರ್
3,800ಕ್ಕ ಆದ್ರ ಶನಿವಾರ ಮಧ್ಯಾಹ್ನ ಸ್ಟ್ಯಾಂಡಿಗೆ ಬರ್ತೀನಿ. ಬಿಲ್ ಐತೇನ್ರಿ?